ಸಮಾಧಿ ಹಬ್ಬಕ್ಕೆ ಹೊಡೆದ ಔಷಧಿ

ನನ್ನ ಅಣ್ಣ ಇನ್ನಾಸಪ್ಪನ ಮೇಲೆ ನನಗೆ ಮೊದಲಿನಿಂದಲೂ ಒಂದು ಸಿಟ್ಟು. ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುವ ನಮ್ಮಂಥವರೆಲ್ಲ ಕಳೆಗೆ ಔಷಧಿ ಹೊಡೆದು ಮನೆಗೆ ಹೋದರೆ, ಇವನು ಮಂಡಿಯೂರಿ ಕೈಯಲ್ಲಿ ಕೀಳುವವನು. ಹೊಲದಲ್ಲಾದರೆ ಹಾಳಾಗಿ ಹೋಗಲಿ, ಚರ್ಚಿನ ಹಿಂದಿನ ಸಮಾಧಿ ತೋಟದಲ್ಲೂ ಅದೇ. ಸತ್ತವರನ್ನು ನೆನೆಯುವ ನವೆಂಬರ್ ಎರಡರ ಸಮಾಧಿ ಹಬ್ಬಕ್ಕೆ ಇಪ್ಪತ್ತು ದಿನ ಮುಂಚಿನಿಂದ ಒಂದೊಂದು ಸಮಾಧಿಯ ಮುಂದೆ ಕೂತು, ಅಲ್ಲಿ ಮಲಗಿರುವವರಿಗೆ ಒಂದು ನಮೋ ಮರಿಯಾ ಜಪ ಹೇಳಿ ಹುಲ್ಲು ಕೀಳುತ್ತಿದ್ದ. ತುಂಬೆ ಹೂ ಇದ್ದರೆ ಬಿಡುತ್ತಿದ್ದ, ಜೇನಿಗೆ ಬೇಕಂತೆ. ದೇವರು ಆದಾಮನನ್ನು ತೋಟದಲ್ಲಿಟ್ಟದ್ದು ಕಾಯುವುದಕ್ಕೆ, ಕೊಲ್ಲುವುದಕ್ಕಲ್ಲ ಎಂದು ನನಗೇ ಉಪದೇಶ. ಆದಾಮನಿಗೆ ನಮ್ಮಷ್ಟು ಕಳೆ ಇರಲಿಲ್ಲ ಬಿಡು ಎಂದು ನಾನು ರೇಗಿಸುತ್ತಿದ್ದೆ.

ಆ ತೋಟದ ಮೂಲೆಯಲ್ಲಿ ಅವನ ಒಬ್ಬಳೇ ಮಗಳು ನಿಧಿ ಇದ್ದಾಳೆ. ಒಂಬತ್ತು ವರ್ಷಕ್ಕೆ ಡೆಂಗ್ಯೂ ಬಂದು ಹೋದಳು. ಹಾಲಿನ ಕವರಿನಲ್ಲಿ ಅವಳು ಬೀಜ ಹಾಕಿ ಎಬ್ಬಿಸಿದ್ದ ನೇರಳೆ ಸಸಿಯನ್ನು ಅಣ್ಣ ಅತ್ತಿಗೆ ಸಮಾಧಿಯ ತಲೆಯ ಕಡೆ ನೆಟ್ಟರು, ಕಲ್ಲು ಹಾಕಿಸಲಿಲ್ಲ. ಚರ್ಚಿನಲ್ಲಿ ಕೂಸಿಗೆ ಜ್ಞಾನಸ್ನಾನ ಮಾಡಿಸಿ ಉಳಿದ ಪವಿತ್ರ ನೀರನ್ನು ಚರಂಡಿಗೆ ಚೆಲ್ಲಬಾರದು, ಅದು ಮಣ್ಣಿಗೇ ಸೇರಬೇಕು. ಊರಿನಲ್ಲಿ ಯಾವ ಮಗುವಿಗೆ ಜ್ಞಾನಸ್ನಾನವಾದರೂ ಅತ್ತಿಗೆ ಜಪಮಾಲಮ್ಮ ಆ ನೀರನ್ನು ಚೊಂಬಿನಲ್ಲಿ ತಂದು ಗಿಡಕ್ಕೆ ಹೊಯ್ಯುತ್ತಿದ್ದರು. ಮಗಳಿಗೆ ತಲೆ ಬಾಚುವಂತೆ ನಿಧಾನವಾಗಿ ಎಲೆಯ ಧೂಳು ಒರೆಸುತ್ತಿದ್ದರು. ಗಿಡ ನನ್ನ ಸೊಂಟದವರೆಗೆ ಬಂದಿತ್ತು.

ಹೋದ ವರ್ಷ ಅಕ್ಟೋಬರಿನಲ್ಲಿ ಅಣ್ಣ ಜಾರಿ ಬಿದ್ದು ಕಾಲು ಮುರಿದುಕೊಂಡ. ಹಾಸನದ ಆಸ್ಪತ್ರೆ, ಆಪರೇಷನ್, ಎರಡು ವಾರ. ಅತ್ತಿಗೆಯೂ ಜೊತೆಗೆ. ಹಾಸಿಗೆಯಲ್ಲಿದ್ದುಕೊಂಡೇ ಅವನಿಗೆ ಸಮಾಧಿಗಳ ಹುಲ್ಲಿನ ಚಿಂತೆ. ನಾನು ನೋಡಿಕೊಳ್ಳುತ್ತೇನೆ ಅಂದೆ. ಸಂತೋಷಪಡಲಿ ಅಂತಲೇ ಮಾಡಿದೆ, ಏಸುವಿನಾಣೆ. ಔಷಧಿ ಕ್ಯಾನು ಬೆನ್ನಿಗೇರಿಸಿಕೊಂಡು ಒಂದೇ ಬೆಳಗ್ಗೆ ನೂರಿಪ್ಪತ್ತು ಸಮಾಧಿ ಮುಗಿಸಿದೆ. ನಿಧಿಯ ಹತ್ತಿರ ಕೊಳವೆ ತಗ್ಗಿಸಿ ಹುಷಾರಾಗಿಯೇ ಹೊಡೆದೆ. ಹೊಳೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಗಾಳಿ ನಿಂತಮೇಲೆ ಬರೋಣ ಅನ್ನುವ ತಾಳ್ಮೆ ನನ್ನ ಹಣೆಯಲ್ಲಿ ಬರೆದಿಲ್ಲ.

ಹತ್ತು ದಿನಕ್ಕೆ ಹುಲ್ಲೆಲ್ಲ ಒಣಗಿತು. ನೇರಳೆ ಎಲೆಯೂ ಸುರುಟಿಕೊಂಡು ಉದುರಿತು. ದಿನಾ ಎರಡು ಹೊತ್ತು ಕೊಡ ಹೊತ್ತು ನೀರು ಹೊಯ್ದೆ. ಉಗುರಿನಲ್ಲಿ ತೊಗಟೆ ಕೆರೆದು ನೋಡಿದರೆ ಒಳಗೂ ಕಂದು. ಅಯ್ಯೋ ದೇವರೇ, ಆ ಮಗುವನ್ನು ಎರಡನೇ ಸಲ ನಾನೇ ಸಾಯಿಸಿದೆನಲ್ಲ ಎಂದು ಅಲ್ಲೇ ಕೂತು ಅತ್ತೆ.

ಹಬ್ಬದ ಹಿಂದಿನ ದಿನ ಇಬ್ಬರೂ ಬಂದರು. ಅತ್ತಿಗೆ ಅಡುಗೆಮನೆಯಲ್ಲಿದ್ದಾಗ ಅಣ್ಣನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಬೈಯಲಿ, ಊರುಗೋಲು ತೆಗೆದು ಬಾರಿಸಲಿ ಅಂತ ಕಾದೆ. ಅವನು ಸೂರು ನೋಡುತ್ತ ಮಲಗಿದ್ದ. ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು.

“ನಾನೇ ಯೋಳಿ ಒಡಿಸ್ದೆ ಅಂತೀನಿ. ನೀನು ಬಾಯಿ ಬುಡ್‌ಬ್ಯಾಡ,” ಅಂದ.

ನಾನು ಒಪ್ಪಲಿಲ್ಲ. ನನ್ನ ತಪ್ಪು ನಾನೇ ಹೇಳುತ್ತೇನೆ ಅಂದೆ.

“ನೀನು ನಿನ್ನಿಷ್ಟಕ್ಕೇ ಒಡ್ದೆ ಅಂತ ಗೊತ್ತಾದ್ರೆ ಈ ವಸ್ಲು ತುಳಿಯಾಕೆ ಬುಡಕಿಲ್ಲ ಕಣ್ಲಾ ಅವ್ಳು. ಎಡ್ತಿ ಸತ್ತೋನು, ಎಲ್ಲುಣ್ತೀಯ? ನನ್ನಾದ್ರೆ ಎಲ್ಲಿಗಂತ ಅಟ್ತಾಳೆ?”

ಮಾರನೆಯ ದಿನ ಅತ್ತಿಗೆ ಮೇಣದಬತ್ತಿ ಹಿಡಿದು ಮಗಳ ಹತ್ತಿರ ಹೋದವರು ಹಾಗೇ ನಿಂತುಬಿಟ್ಟರು. ಊರುಗೋಲಿನ ಮೇಲೆ ನಿಂತಿದ್ದ ಅಣ್ಣ, ಆಸ್ಪತ್ರೆಯಿಂದ ನನಗೆ ಹೇಳಿ ಔಷಧಿ ಹೊಡೆಸಿದ್ದು ತಾನೇ ಅಂದ. ಜೀವಮಾನದಲ್ಲಿ ಒಂದು ಹುಲ್ಲುಗರಿಗೂ ಔಷಧಿ ತಾಗಿಸದವನು.

“ಊರಿಗೆಲ್ಲ ಬ್ಯಾಡ ಬ್ಯಾಡ ಅಂದು, ನನ್ ಮಗೀಗೇ ಒಡಿಸ್ದಾ?” ಎಂದು ಅತ್ತಿಗೆ ಕೇಳಿದರು.

ಅವನು ಹೂಂ ಅಂದ. ಅತ್ತಿಗೆ ಬತ್ತಿ ಹಚ್ಚಲಿಲ್ಲ, ಆ ಒಣಕಡ್ಡಿ ತಬ್ಬಿಕೊಂಡು ಕೂತರು. ಫಾದರ್ ಬಂದು ಪ್ರಾರ್ಥನೆ ಹೇಳಿದರು. ನಾನು ಎಲ್ಲರ ಹಾಗೆ ಶಿಲುಬೆ ಗುರುತು ಹಾಕಿಕೊಂಡೆ. ಬಾಯಿ ಬಿಡಲಿಲ್ಲ.

ವರ್ಷವಾಗುತ್ತ ಬಂತು. ಅತ್ತಿಗೆಗೆ ಅಣ್ಣನ ಜೊತೆ ಮಾತಿಲ್ಲ. ಅವನ ತಟ್ಟೆ ಮುಂದಿಟ್ಟು ಮುಖ ತಿರುಗಿಸುತ್ತಾರೆ. ಅವನು ತಲೆಯೆತ್ತದೆ ಉಣ್ಣುತ್ತಾನೆ. ಪಕ್ಕದಲ್ಲಿ ಕೂತ ನನಗೆ ಮಾತ್ರ ಕೇಳದೆಯೇ ತುಪ್ಪ ಹಾಕುತ್ತಾರೆ.

“ಇನ್ನರ್ಧ ಮುದ್ದೆ ಇಸ್ಕೊ ಚೌರಪ್ಪ,” ಅನ್ನುತ್ತಾರೆ, “ಸೊರಗೋಗಿದೀಯ ನೀನು.”