ಗುಡದಪ್ಪನ ಕೈ

ಮೆಣಸಿನಕಾಯಿ ಚೀಲ ಹೇರಿದ ಚಕ್ಕಡಿ ಸ್ಟೇಷನ್ ರಸ್ತೆಗೆ ತಿರುಗಿತು, ಘಾಟು ಮೂಗಿಗೆ ಬಡಿಯಿತು, ಸೀನು ಬಂತು, ಆದರೆ ಬಾಯಲ್ಲಿ ಹನಿ ನೀರಿಲ್ಲ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ — ಇದು ಹೊಸ ಗುಳಿಗೆಯ ಕೆಲಸ, ನಡುಕಕ್ಕೆ ಕೊಟ್ಟದ್ದು, ಬಾಯಿ ಒಣಗತದ ಗುಡದಪ್ಪ, ನೀರು ಕುಡೀತಿರು ಎಂದು ಹಾವೇರಿಯ ಡಾಕ್ಟರು ಮೊದಲೇ ಹೇಳಿದ್ದರು. ಇಂದಿಗೆ ಹತ್ತು ದಿನ. ಅಂಗಡಿಯ ಕನ್ನಡಿ ಮುಂದೆ ಕೈ ಚಾಚಿ ನೋಡುತ್ತೇನೆ, ಬೆರಳು ಇನ್ನೂ ತುಸು ಅಲುಗುತ್ತವೆ, ಮೊದಲಿನಷ್ಟಲ್ಲ, ಹೋದ ತಿಂಗಳು ಚಹಾದ ಬಸಿ ಹಿಡಿಯಲೂ ಆಗುತ್ತಿರಲಿಲ್ಲ, ಹದಿನೆಂಟು ವರ್ಷ ಕ್ಷೌರದ ಕತ್ತಿ ಹಿಡಿದ ಕೈ ಇದು. ಕಿವಿಯಲ್ಲಿ ಧ್ವನಿ ಶುರುವಾದದ್ದು ಎಂಬತ್ತಾರರ ಬೇಸಿಗೆಯಲ್ಲಿ, ಯಾರೂ ಇಲ್ಲದ ಅಂಗಡಿಯಲ್ಲಿ ಒಬ್ಬ ಗಂಡಸಿನ ಮಾತು, ಊಟದಾಗ ವಿಷ ಹಾಕ್ಯಾರ, ಉಣಬ್ಯಾಡ, ದಿನವಿಡೀ ಅದೇ, ರೇಣುಕವ್ವ ತಾಟು ತಂದಿಟ್ಟು ಮೊದಲ ತುತ್ತು ತಾನೇ ತಿಂದು ತೋರಿಸಿದಳು, ಹೆಂಡತಿಯನ್ನೂ ನಂಬಲಿಲ್ಲ ನಾನು. ಹ್ಯಾಲೊಪೆರಿಡಾಲ್ ಎಂಬ ಗುಳಿಗೆ ಬಂತು, ಧ್ವನಿ ಗೋಡೆಯಾಚೆ ಸರಿಯಿತು, ಆಮೇಲೆ ಇಲ್ಲವೇ ಇಲ್ಲ — ಜೊತೆಗೆ ಕೈ ನಡುಕ, ಮುಖ ಬಿಗಿತ, ನಗಲು ಬಾರದು, ಕುಳಿತರೆ ಕಾಲು ಎಬ್ಬಿಸುತ್ತದೆ, ನಿಂತರೆ ನಡೆಸುತ್ತದೆ. ಮಿದುಳಿನಾಗ ಒಂದು ರಸ ಐತಿ, ಅದರ ಜೋರು ಹೆಚ್ಚಾದ್ರ ಇಲ್ಲದ್ದು ಕೇಳಸ್ತದ, ಗುಳಿಗಿ ಅದನ್ನ ತಡೀತದ, ಆದ್ರ ಕೈಕಾಲು ಆಡಸೂದೂ ಅದೇ ರಸ ನೋಡು, ಅಲ್ಲೂ ತಡೀತದ ಎಂದು ಡಾಕ್ಟರು ತಿಳಿಸಿದ್ದರು. ತಿಳಿಯಿತು, ಆದರೆ ಗಿರಾಕಿ ಬೇಕಲ್ಲ, ಯಾರಿಗೂ ಹೇಳದೆ ಗುಳಿಗೆ ಬಿಟ್ಟೆ, ಕೈ ನೆಟ್ಟಗಾಯಿತು, ಇಪ್ಪತ್ತು ದಿನಕ್ಕೆ ಧ್ವನಿ ಮರಳಿತು, ಆರು ದಿನ ಉಣ್ಣದೆ ಬಾಗಿಲು ಹಾಕಿಕೊಂಡು ಕುಳಿತೆ, ಯಾರಿಗೂ ಒಂದೇಟು ಹಾಕಿದವನಲ್ಲ, ಆದರೂ ಊರು ಮಾತಾಡಿತು, ಹುಚ್ಚನ ಕತ್ತಿಗೆ ಕುತ್ತಗಿ ಕೊಡತೀರೇನು. ಮತ್ತೆ ಗುಳಿಗೆ ಶುರುಮಾಡಿದೆ, ನಡುಕವೂ ಮರಳಿತು, ಈ ಸಲ ಗುಳಿಗೆ ಬಿಡಲಿಲ್ಲ, ಡಾಕ್ಟರ ಎದುರು ಹೇಳಿಯೇಬಿಟ್ಟೆ, ಧ್ವನಿ ಹೋತ್ರಿ, ಕೈನೂ ಹೋತ್ರಿ, ನಾ ಏನ್ ಮಾಡ್ಲಿ ಎಂದೆ, ಅವರು, ಇದನ್ನ ಆಗಽ ಹೇಳಬಾರದೇನೋ ಎಂದು ಗದರಿಸಿ ಗುಳಿಗೆ ಅರ್ಧಕ್ಕಿಳಿಸಿದರು, ನಡುಕಕ್ಕೆ ಈ ಹೊಸ ಗುಳಿಗೆ ಕೂಡಿಸಿದರು.

ಬಾಗಿಲಲ್ಲಿ ನೆರಳು, ಶಮಶೇರಸಾಬ, ಪೇಟೆಯ ದಲಾಲ, ಎರಡು ತಿಂಗಳು ರಾಣೆಬೆನ್ನೂರಿನ ಮಗಳ ಮನೆಯಲ್ಲಿದ್ದವನು, ಸುದ್ದಿ ತಿಳಿದಿಲ್ಲವೇನೋ, ಮುಚ್ಚಿಡಬಾರದು — ಸಾಬ್ರ, ನನ್ನ ಕೈ ಇನ್ನೂ ನಡಗತದರಿ ಎಂದೆ. ಎಲ್ಲಾ ಕೇಳೇನಿ ಬಿಡೋ, ಗಡ್ಡ ಹಂಗ ಇರಲಿ, ಕೆಳಗ ಕುತ್ತಗಿ ಅಷ್ಟ ತೆಗಿ, ಸಾವಕಾಶ ಮಾಡು, ನನಗೇನು ಅವಸರಿಲ್ಲ, ಎಂದು ಕುರ್ಚಿಯಲ್ಲಿ ಕುಳಿತೇಬಿಟ್ಟ. ಸೋಪಿನ ನೊರೆ ಹಚ್ಚುತ್ತೇನೆ, ಕತ್ತಿ ಮಸೆಯುತ್ತೇನೆ, ಮಣಿಕಟ್ಟನ್ನು ಅವನ ದವಡೆಗೆ ಆನಿಸುತ್ತೇನೆ, ಕಿವಿಗೊಡುತ್ತೇನೆ, ರಸ್ತೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಮೊದಲ ಎಳೆತ, ಚರ್ಮ ಬೆಳ್ಳಗೆ ತೋರಿತು, ರಕ್ತವಿಲ್ಲ, ಅವನು ಕಣ್ಣು ಮುಚ್ಚಿ ಗದ್ದ ಇನ್ನಷ್ಟು ಮೇಲೆತ್ತಿದ, ಉಗುಳು ನುಂಗಿದ, ಗಂಟಲಮಣಿ ಮೇಲೇರಿತು, ಇಳಿಯಿತು, ಕತ್ತಿ ಎತ್ತಿ ನಿಂತಿದ್ದೇನೆ, ಅದು ನಿಂತ ಮೇಲೆ ಮುಂದಿನ ಎಳೆತ, ಮೇಲೇರಿತು, ಇಳಿಯಿತು, ಗಂಟಲಮಣಿ, ಕತ್ತಿಯಡಿಯಲ್ಲಿ ನೆಮ್ಮದಿಯಾಗಿ ನಿಂತಿತು, ಇನ್ನು ಎರಡನೆಯ ಎಳೆತ —