ಮೊಣಕೈ ಮೇಲೆ ಎರಡು ಬೆರಳು

ತಗಡು ಟಿಕ್ ಅಂತು, ಇನ್ನೊಂದು ಸಲ ಟಿಕ್, ಬಿಸಿಲು ಚರ್ಚಿನ ಮಾಡಿಗೆ ಹತ್ತಿತು ಅಂತ ಕಾಣುತ್ತದೆ, ಇನ್ನು ಸ್ವಲ್ಪ ಹೊತ್ತಿಗೆ ಒಳಗೆಲ್ಲ ಬೆವರಿನ ವಾಸನೆ, ಈಗ ಬರೀ ಸೋಪಿನದು, ಎಲ್ಲರೂ ಮಿಂದು ಬಂದಿದ್ದಾರೆ, ಎಡಕ್ಕೆ ಬಿಳಿ ತಲೆವಸ್ತ್ರದ ಹೆಂಗಸರು, ನನ್ನ ಕಣ್ಣಿಗೆ ಅದು ಒಂದೇ ಉದ್ದನೆಯ ಬಿಳುಪು, ಬಲಕ್ಕೆ ಗಂಡಸರು, ಅದು ಕಪ್ಪು, ನಡುವೆ ಮಣ್ಣು ನೆಲದ ಕೆಂಪು ದಾರಿ, ಆ ದಾರಿಯಲ್ಲೇ ಇವತ್ತು ಅವರು ಒಬ್ಬೊಬ್ಬರಾಗಿ ಬಂದು ಗ್ರಂಥದ ಮೇಲೆ ಕೈಯಿಟ್ಟು ಮಾತು ಕೊಡಬೇಕು, ನಮ್ಮ ಮನೆಯಲ್ಲಿ ದಿನಾ ಓದುತ್ತೇವೆ, ಓದಿದಂತೆ ಬಾಳುತ್ತೇವೆ — ಬರುತ್ತಾರೋ, ಬಂದು ನಗುತ್ತಾರೋ. ಯಾರೋ ಕಿಸಕ್ಕೆಂದರು, ಹಿಂದಿನ ಸಾಲಿನ ಹುಡುಗಿಯರೇ ಇರಬೇಕು, ಅವರ ಅಮ್ಮಂದಿರು ಶ್ ಅನ್ನುತ್ತಿದ್ದಾರೆ, ಆ ಶ್ ಒಳಗೂ ನಗು ಇದೆ, ಕಣ್ಣು ಹೋದವಳಿಗೆ ಕಿವಿ ಇರುತ್ತದೆ ಅನ್ನುವುದು ಇವರಿಗೆ ಗೊತ್ತಿಲ್ಲವೇ. ಪಾದ್ರಿಯವರ ಮೋಟರ್‌ಸೈಕಲ್ ಆಗಲೇ ಬಂದು ನಿಂತಿದೆ, ಅವರು ಮೇಜಿನ ಹಿಂದೆ ಕೆಮ್ಮುತ್ತಿದ್ದಾರೆ, ಎಸಿನತಿ ಅಮ್ಮ, ಕೀರ್ತನೆ ಮುಗಿದ ಕೂಡ್ಲೆ ನೀವೇ ಶುರು ಮಾಡ್ಬಿಡಿ. ನಾನೇ, ಇನ್ಯಾರು, ಇಷ್ಟು ವರ್ಷ ನಾನೇ. ನನ್ನ ಎಡಕ್ಕೆ ಗಿಡ್ಡ ಸ್ಟೂಲಿನ ಮೇಲೆ ಲೆವಿಸೋನಿ ಬಂದು ಕುಳಿತ, ಸ್ಟೂಲು ಕಿರ್ ಅಂತು, ನನ್ನ ತಂಗಿಯ ಮಗ, ತಂಗಿ ಸತ್ತ ಮೇಲೆ ನನ್ನ ಒಲೆಯ ಪಕ್ಕದಲ್ಲೇ ಬೆಳೆದವನು, ಅವನು ಕುಳಿತ ಕಡೆಯ ನನ್ನ ಮೊಣಕೈ ತಣ್ಣಗಾಯಿತು. ಅಲ್ಲಿ ಅವನ ಬೆರಳಿನ ಜಾಗ ಇದೆ.

ಹಾಡಲಿ, ಇನ್ನೂ ಹಾಡಲಿ, ಈ ಹಾಡಿಗೆ ಬಹಳ ಚರಣಗಳಿವೆ. ಹಾಡು ಯಾವತ್ತೂ ಕಮ್ಮಿಯಾಗಿರಲಿಲ್ಲ ನಮ್ಮಲ್ಲಿ, ಕಮ್ಮಿಯಾಗಿದ್ದು ಓದು, ಗ್ರಂಥಗಳ ಪೆಟ್ಟಿಗೆ ತೆರೆದ ದಿನ ಒಳಗೆ ಬರೀ ಗೆದ್ದಲ ಮಣ್ಣು, ಕೈ ಹಾಕಿದರೆ ಪುಡಿಪುಡಿ, ಒಂದೇ ಒಂದು ಉಳಿದಿತ್ತು, ಕಪ್ಪು ರಟ್ಟಿನದು, ರಟ್ಟಿನ ಮೇಲೆ ಉಬ್ಬಿದ ಚಿನ್ನದ ಶಿಲುಬೆ, ಅದೇ ಈಗ ನನ್ನ ತೊಡೆಯ ಮೇಲಿರುವುದು. ಯಾರೂ ಅದನ್ನು ತೆರೆದು ನೋಡದ ಕಾಲದಲ್ಲಿ ಮೇಸೋನಿ ಅನ್ನುವ ಬೋಧಕ ಇಲ್ಲಿ ನಿಂತು ಬಾಯಿಗೆ ಬಂದದ್ದು ಹೇಳುತ್ತಿದ್ದ, ಬೋಧಕನಿಗೆ ಮೇಕೆಯ ಹಿಂಗಾಲು ಕೊಡಬೇಕು ಅಂತ ಬರ್ದಿದೆ, ವಿಧವೆ ಹೊಲ ಕೇಳ್ಬಾರ್ದು ಅಂತ ಬರ್ದಿದೆ, ಎಲ್ಲಿ ಬರೆದಿದೆ ಅಂತ ಕೇಳುವವರು ಯಾರು, ನಾನು ಗ್ರಂಥ ತೆರೆದು ಅವನ ಮುಂದಿಟ್ಟು ಕೇಳಿದೆ, ಎಲ್ಲಯ್ಯಾ ಬರ್ದಿದೆ, ಬೆರಳಿಟ್ಟು ತೋರ್ಸು, ಅವನ ಬೆರಳು ಹಾಳೆಯ ಮೇಲೆ ಅಲೆದೂ ಅಲೆದೂ ಸುಸ್ತಾಯಿತು, ಜನ ಅವತ್ತೂ ನಕ್ಕರು, ಆ ನಗು ನನಗೆ ಎಷ್ಟು ಸಿಹಿಯಾಗಿತ್ತು. ಅವತ್ತು ನಾನೇ ಕಟ್ಟಳೆ ಹಾಕಿದೆ — ಈ ಜಾಗದಲ್ಲಿ ನಿಂತವರು ಕಣ್ಣು ಅಕ್ಷರದ ಮೇಲಿಟ್ಟೇ ಮಾತಾಡಬೇಕು, ನೆನಪಿನಿಂದ ಯಾರೂ ಒಂದು ಸಾಲೂ ಹೇಳಕೂಡದು, ಪಾದ್ರಿಯಾದರೂ ಸರಿ. ಮಾವಿನ ಮರದ ಕೆಳಗೆ ಸಂಜೆ ಸಂಜೆ ಕೂತು ಒಂದು ಸಾಲು ನಾನು, ಅದೇ ಸಾಲು ಅವರು, ಒಲೆ ಮೇಲೆ ಜೋಳದ ಹಿಟ್ಟಿನ ನ್ಸಿಮಾ ತಿರುವುತ್ತಿದ್ದ ಹೆಂಗಸರು ಕೈಯಲ್ಲಿ ಸೌಟು ಹಿಡಿದೇ ಬಂದು ನಿಲ್ಲುತ್ತಿದ್ದರು, ಗಂಡನಿಂದ ಹೊಡೆಸಿಕೊಂಡವಳು ಒಂದು ದಿನ ತನ್ನ ಗಂಡನನ್ನೇ ಕರೆತಂದು, ಇವನಿಗೆ ಆ ಸಾಲು ಓದಿ ಹೇಳೆ ಎಸಿನತಿ, ಅಂದಳು. ಓದಿದೆ, ಅವನು ನೆಲ ನೋಡಿದ. ಊರು ಹಾಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿತು.

ಆಮೇಲೆ ಅಕ್ಷರ ಕರಗಲು ಶುರುವಾಯಿತು, ಮೊದಲು ಸಾಲಿನ ತುದಿ, ಆಮೇಲೆ ನಡು, ಆಸ್ಪತ್ರೆಯಲ್ಲಿ, ಪೊರೆ ಅಲ್ಲ ಅಮ್ಮ, ನರ ಒಣಗಿದೆ, ಇದಕ್ಕೆ ಆಪರೇಷನ್ ಇಲ್ಲ. ವಾಪಸು ಬರುವ ದಾರಿಯಲ್ಲಿ ಮಿನಿಬಸ್ಸಿನ ಕಿಟಕಿಗೆ ಹಣೆಯಿಟ್ಟು ಅತ್ತೆ, ಲೆವಿಸೋನಿ ಪಕ್ಕದಲ್ಲಿದ್ದ, ದೊಡ್ಡಮ್ಮ, ಅಳ್ಬೇಡಿ, ನಿಮ್ಗೆಲ್ಲಾ ಬಾಯಿಗೇ ಬರುತ್ತಲ್ಲ, ಯಾರಿಗ್ ಗೊತ್ತಾಗುತ್ತೆ. ಬಾಯಿಗೆ ಬರುವುದೇ ತೊಂದರೆ ಕಣೋ, ಬಾಯಿಂದ ಹೇಳಿದರೆ ನನಗೂ ಮೇಸೋನಿಗೂ ಏನು ವ್ಯತ್ಯಾಸ, ಊರವರಿಗೆ ನಂಬಿಕೆ ಇರುವುದು ನನ್ನ ಮೇಲಲ್ಲ, ನನ್ನ ಕಣ್ಣು ಆ ಹಾಳೆಯ ಮೇಲಿದೆ ಅನ್ನುವುದರ ಮೇಲೆ. ಅವನು ಹೇಳಿದ, ಹಂಗಾದ್ರೆ ಕಣ್ಣು ನಂದಿರ್ಲಿ, ಬಾಯಿ ನಿಮ್ದಿರ್ಲಿ, ನಾನು ಪಕ್ಕದಲ್ಲಿ ಕೂತು ಹಾಳೆ ನೋಡ್ತೀನಿ, ಮಾತು ತಪ್ಪಿದ್ರೆ ಮೊಣಕೈಗೆ ಒಂದು ಬೆರಳು, ಹಾಳೆ ಮುಗಿದ್ರೆ ಎರಡು ಬೆರಳು. ನನ್ನ ಬಂಗಾರ, ಅಂದೆ ಅವತ್ತು, ಅವನ ತಲೆ ಸವರಿದೆ, ಸೊಂಟಕ್ಕೆ ಸುತ್ತಿದ್ದ ಚಿತೆಂಜೆಯ ಸೆರಗಲ್ಲಿ ಮೂಗು ಒರೆಸಿಕೊಂಡು ನಕ್ಕೆ. ಅವನಿಗೂ ನನಗೂ ದೇವರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನಸಿಲೀನಾಗೂ ಗೊತ್ತಿಲ್ಲ, ಹುಡುಗಿಯರಾಗಿದ್ದಾಗಿನ ಗೆಳತಿಗೇ ಹೇಳದ ಗುಟ್ಟು. ಪ್ರತಿ ಭಾನುವಾರ ಹಾಳೆಯ ಕೊನೆಯ ಸಾಲಿಗೆ ಬರುವಾಗ ಮೊಣಕೈ ಕಾಯುತ್ತಿತ್ತು, ಎರಡು ಬೆರಳು ಬಂದು ಕೂರುತ್ತಿದ್ದವು, ಬೆಚ್ಚಗೆ, ಒಂದು ದಿನವೂ ತಪ್ಪಿಲ್ಲ, ನಾನು ಹಾಳೆ ತಿರುವುತ್ತಿದ್ದೆ.

ನಿನ್ನೆ ಮಧ್ಯಾಹ್ನ, ಅಣ್ಣನ ಶೋಕ ಮುಗಿಸುವ ಊಟ, ಅಂಗಳದಲ್ಲಿ ಜೋಳದ ಹೆಂಡದ ಮಡಕೆಗಳು ಬಿಸಿಲಿಗೆ ಗುಳುಗುಳು, ಅಣ್ಣ ಊರಿನ ಯಜಮಾನ, ಸಾಯುವ ಮುಂಚೆ ತನ್ನ ಶೋಕಕ್ಕೆ ಮೃಗಗಳು ಕುಣಿಯುತ್ತ ಬರುವುದು ಬೇಡ ಅಂದಿದ್ದ, ಆದರೆ ತೋಪಿನಲ್ಲಿ ಗುಟ್ಟಾಗಿ ಸೇರಿ ಮೃಗಗಳನ್ನು ಕಟ್ಟುವ ಗಂಡಸರು ಸತ್ತವನ ಮಾತು ಕೇಳುತ್ತಾರೆಯೇ, ಗೋರಿಗಳ ಆಚೆ ತೋಪಿನಲ್ಲಿ ಡೋಲು ಎದ್ದಿತು, ಧೂಳು ಎದ್ದಿತು, ಮುಖವಾಡ ತೊಟ್ಟ ಮೃಗಗಳು ಬಂದವು, ಹುಲ್ಲು ಸರಸರ, ಕಾಲ್ಗೆಜ್ಜೆ, ಹೆಂಗಸರು ಚಪ್ಪಾಳೆ ಶುರು ಮಾಡಿದರು, ನಾನು ಮಾಡಲಿಲ್ಲ, ಎದ್ದು ಹೋಗೋಣ ಅಂದರೆ ಅಣ್ಣನ ಊಟ, ನೋಡುವುದಿಲ್ಲ ಅಂತ ತಲೆ ತಗ್ಗಿಸಿ ಕೂತೆ. ನಸಿಲೀನಾ ನನ್ನ ಕಿವಿಯಲ್ಲಿ ಹೇಳುತ್ತಲೇ ಇದ್ದಳು, ಮೊದ್ಲು ಬಂದಿದ್ದು ಪೊಲೀಸಿನವನ ಮುಖ ಕಣೆ, ಹೊಟ್ಟೆ ನೋಡು, ಈಗ ಬರ್ತಿರೋದು ಹೆಂಗಸಿನ ಮುಖ, ತಲೆಗೆ ಬಿಳೀ ಬಟ್ಟೆ, ಕೈಲಿ ಕಪ್ಪಗೆ ಏನೋ — ಅಯ್ಯೋ. ಏನೇ. ಏನಿಲ್ಲ ಬಿಡು. ಹೇಳೇ ಮಾರಾಯ್ತಿ. ಪುಸ್ತಕ ಕಣೆ, ತಲೆಕೆಳಗಾಗಿ ಹಿಡ್ಕೊಂಡಿದೆ, ಶಿಲುಬೆ ಕೆಳಕ್ಕಿದೆ, ಕಂಬಕ್ಕೆ ಢಿಕ್ಕಿ ಹೊಡೀತು, ಕಂಬಕ್ಕೆ ನಮಸ್ಕಾರ ಮಾಡ್ತಿದೆ, ಪಾದ್ರಿಗಳೇ ಚೆನ್ನಾಗಿದ್ದೀರಾ ಅಂತ. ನಗು, ಬಿದ್ದು ಬಿದ್ದು ನಗು, ಮಕ್ಕಳು ಕೇಕೆ. ನಾನು ಅಂದುಕೊಂಡೆ, ನಡೆಯುವಾಗ ನಾನು ಎಡವುವುದನ್ನು ಯಾರಾದರೂ ನೋಡಿರಬಹುದು, ಇರಲಿ, ಹಿಂದೆ ಬಿಳಿಯ ಪಾದ್ರಿಗಳನ್ನೇ ಬಿಡದ ಮೃಗಗಳು ನನ್ನನ್ನು ಬಿಟ್ಟಾವೆಯೇ, ಇದೂ ಒಂದು ಗೌರವ ಅಂದುಕೊಂಡರಾಯಿತು. ಆಮೇಲೆ ಡೋಲು ನಿಂತಿತು. ಈಗೇನಾಯ್ತೇ. ಓದೋ ಹಾಗೆ ಬಾಯಿ ಆಡಿಸ್ತಿದೆ ಕಣೆ, ಆಡಿಸಿ ಆಡಿಸಿ ನಿಂತ್ಕೊಂಡ್ತು, ಎಡಗೈ ಮೊಣಕೈ ಹೀಗೆ ಹೊರಗೆ ಚಾಚ್ತು, ಕಾಯ್ತಿದೆ, ಇನ್ನೊಂದು ಮೃಗ ಬಂತು, ಮೆಲ್ಲಗೆ ಬಂದು ಆ ಮೊಣಕೈ ಮೇಲೆ — ಎರಡು ಬೆರಳು ಇಟ್ಟಿತಾ, ಅಂದೆ ನಾನು. ಹೌದು, ನಿಂಗೆ ಹೆಂಗೆ ಗೊತ್ತಾಯ್ತು, ಅಂದಳು ನಸಿಲೀನಾ, ಹಾಳೆ ತಿರುವ್ತು ನೋಡು, ಈಗ, ಅಂದಳು, ಅಂದವಳು ನಿಂತಳು, ನನ್ನ ಮುಖ ನೋಡಿರಬೇಕು, ಎಸಿನತಿ, ಲೇ, ಎಸಿನತಿ, ನಿನ್ನ ಕಣ್ಣು... ಊರೆಲ್ಲ ನಗುತ್ತಿತ್ತು. ನಾನು ಅಣ್ಣನ ಊಟಕ್ಕೆ ಬೇಯಿಸಿದ ಕುಂಬಳ ಸೊಪ್ಪಿನ ತಟ್ಟೆಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಇದನ್ನು ಮೃಗಕ್ಕೆ ಹೇಳಿಕೊಟ್ಟವರು ಯಾರು ಅಂತ ಕೇಳುವ ಹಾಗೂ ಇಲ್ಲ. ಅದೇ ಅಲ್ಲವೇ ಮೋಸದ ಸೊಗಸು. ಮೃಗದೊಳಗೆ ಮನುಷ್ಯ ಇದ್ದಾನೆ ಅಂತ ಹೆಂಗಸು ಬಾಯಿಬಿಡುವ ಹಾಗಿಲ್ಲ, ಚಿಕ್ಕವಳಿದ್ದಾಗ ಒಂದು ಮೃಗ ಸೀನಿತು, ಅಜ್ಜೀ, ಮಾವ ಸೀನ್ದಂಗೇ ಸೀನ್ತು, ಅಂದೆ, ಅಜ್ಜಿಯ ಅಂಗೈ ನನ್ನ ಬಾಯಿ ಮೂಗು ಎರಡನ್ನೂ ಮುಚ್ಚಿತು, ನಮ್ಮ ಮನೆಯ ಮೊಟ್ಟೆ ಇಡುವ ಕೋಳಿಗಳು ತೋಪಿಗೆ ದಂಡವಾಗಿ ಹೋದವು, ಮಾವನೂ ಅವನ್ನು ತಿಂದಿರುತ್ತಾನೆ. ತೋಪಿನಲ್ಲಿ ಏನು ನಡೆಯುತ್ತದೆ ಅಂತ ಅಣ್ಣ ಅಲ್ಲಿಂದ ಹೊರಗೆ ಬಂದು ಗ್ರಂಥ ಮುಟ್ಟಿದ ಮೇಲೆ ಒಂದೇ ಸಲ ಹೇಳಿದ, ತಂಗೀ, ಅಲ್ಲಿಗೆ ಹೊಸದಾಗಿ ಹೋಗೋನು ಕೋಳಿ ತಗೊಂಡು ಹೋದ್ರೆ ಸಾಲ್ದು, ತನ್ನ ಮನೆಯೊಳಗಿನ ಒಂದು ಮಾತು ಕೊಡ್ಬೇಕು, ನಗೋಕೆ ಆಗೋಂಥದ್ದು, ಅದರಿಂದ ಅವರು ಮುಖ ಕೆತ್ತುತ್ತಾರೆ. ನೀನೇನು ಕೊಟ್ಟೆ ಅಣ್ಣ. ಅಮ್ಮ ಕದ್ದು ನಶ್ಯ ಏರಿಸ್ತಿದ್ಲಲ್ಲ, ಅದು. ಅಮ್ಮ ಆ ಮುಖ ನೋಡಿ ತಾನೇ ನಕ್ಕಿದ್ದಳು, ನಶ್ಯ ಅಲ್ಲವೇ, ನಶ್ಯಕ್ಕೆ ನಗಬಹುದು. ಅಣ್ಣ ಹೋದ ಮೇಲೆ ಯಜಮಾನಿಕೆ ಯಾರಿಗೆ, ಅಕ್ಕತಂಗಿಯರ ಗಂಡುಮಕ್ಕಳಿಗೆ, ಅಂದರೆ ಲೆವಿಸೋನಿಗೆ, ಬೇರೆ ಗಂಡಿಲ್ಲ ನಮ್ಮಲ್ಲಿ, ಆದರೆ ತೋಪು ಹೊಗದವನು ಯಜಮಾನ ಆಗುವುದಕ್ಕೆ ಆ ಗಂಡಸರು ಬಿಡುವುದಿಲ್ಲ, ಹಾಗಾದರೆ ಇವನೂ ಹೊಕ್ಕಿದ್ದಾನೆ, ಕೊಡುವುದಕ್ಕೆ ಅವನ ಹತ್ತಿರ ಏನಿತ್ತು, ನಾನಿದ್ದೆ. ಯಜಮಾನಿಕೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದರೆ ನಾನೇ ಊರ ಮುಂದೆ ನಿಂತು ಅವನ ಪರ ಜಗಳ ಆಡುತ್ತಿದ್ದೆನಲ್ಲ. ಇವತ್ತು ಬೆಳಿಗ್ಗೆ ಗಂಜಿ ತಂದ, ದೊಡ್ಡಮ್ಮ, ಬಿಸಿ ಇದೆ, ಮೆಲ್ಲಗೆ. ನಿನ್ನೆ ಎಲ್ಲಿದ್ದೆ ಮಗಾ, ಅಣ್ಣನ ಊಟಕ್ಕೂ ಕಾಣ್ಲಿಲ್ಲ. ದೊವಾ ಪೇಟೆಗೆ ಹೋಗಿದ್ದೆ, ಗೊಬ್ಬರಕ್ಕೆ. ಸಿಕ್ತಾ. ಅಂಗಡಿ ಮುಚ್ಚಿತ್ತು. ಬಟ್ಟಲು ಇಸಿದುಕೊಳ್ಳುವಾಗ ನನ್ನ ಬೆರಳು ಅವನ ಮಣಿಕಟ್ಟಿಗೆ ತಾಗಿತು, ಸೋಪು ಹಚ್ಚಿ ಹಚ್ಚಿ ಉಜ್ಜಿದ ಚರ್ಮ, ಆದರೂ ಕೂದಲಿನ ಬುಡದಲ್ಲಿ ಒಣಗಿದ ಜೇಡಿಮಣ್ಣಿನ ಕಾಳು, ಮೃಗಗಳು ಬಳಿದುಕೊಳ್ಳುವ ಮಣ್ಣು. ನಿನ್ನೆ ಮೆಲ್ಲಗೆ ಬಂದ ಆ ಇನ್ನೊಂದು ಮೃಗ. ಗಂಜಿ ಕುಡಿದೆ, ಉಪ್ಪು ಸರಿಯಾಗಿತ್ತು, ನನಗೆ ಎಷ್ಟು ಬೇಕು ಅಂತ ಅವನಿಗೆ ಗೊತ್ತು.

ಹಾಡು ನಿಂತಿತು. ಎದ್ದೆ, ಹೆಬ್ಬೆರಳಿಗೆ ರಟ್ಟಿನ ಶಿಲುಬೆ ಸಿಕ್ಕಿತು, ನೆಟ್ಟಗಿದೆ, ಮೇಲಕ್ಕಿದೆ, ದೇವರೇ, ಇದನ್ನು ನಾನು ತಲೆಕೆಳಗಾಗಿ ಹಿಡಿದವಳಲ್ಲ ಯಾವತ್ತೂ. ತೆರೆದೆ, ದಾರ ಇಟ್ಟಿದ್ದ ಕಡೆ, ಹಿಂದಿನ ಕಾಲದಲ್ಲಿ ಒಂದು ಊರಿನ ಜನವೆಲ್ಲ ಕೋಟೆ ಬಾಗಿಲ ಮುಂದಿನ ಬಯಲಲ್ಲಿ ನಿಂತು ಗ್ರಂಥ ಕೇಳಿ ಅತ್ತ ಅಧ್ಯಾಯ, ಅದನ್ನೇ ಆರಿಸಿದ್ದೆ ಇವತ್ತಿಗೆ, ಆರಿಸುವಾಗ ಲೆವಿಸೋನಿಯೇ ಜೋರಾಗಿ ಓದಿ ಹೇಳಿದ್ದ, ಇದೇ ಇರ್ಲಿ ದೊಡ್ಡಮ್ಮ. ಬಾಯಿ ತೆರೆಯಿತು, ಮಾತು ಬಂತು, ಬರುತ್ತಿದೆ, ಮೊದಲ ಸಾಲು, ಎರಡನೆಯದು, ನನ್ನ ದನಿ ಒಡೆದಿಲ್ಲ, ಹಿಂದಿನ ಸಾಲಿನ ಕಿಸಕಿಸ ಕಮ್ಮಿಯಾಯಿತು, ಯಾರೋ ಮೂಗೆಳೆದುಕೊಂಡರು, ನಸಿಲೀನಾ ಇರಬೇಕು, ಕೇಳುತ್ತಿದ್ದಾರೆ, ಇನ್ನೂ ಕೇಳುತ್ತಿದ್ದಾರಲ್ಲ, ನನ್ನ ಮರ್ಯಾದೆ ಹಾಳಾಗಿ ಹೋಗಲಿ, ಇವರು ಈ ಕೆಂಪು ದಾರಿಯಲ್ಲಿ ಎದ್ದು ಬಂದು ಕೈಯಿಟ್ಟರೆ ಸಾಕು — ಹಾಳೆಯ ಕೊನೆಯ ಸಾಲು, ಮುಗಿಯಿತು. ನಿಂತೆ. ಬೆರಳು ಬರಬೇಕು. ಬರಲಿಲ್ಲ. ಸ್ಟೂಲು ಕಿರ್ ಅನ್ನುವುದೂ ಇಲ್ಲ, ಉಸಿರು ಕೇಳುತ್ತಿದೆ, ಇಲ್ಲೇ ಇದ್ದಾನೆ, ಯಾಕೆ — ಓ. ಈಗ ಮುಟ್ಟಿದರೆ ಊರೆಲ್ಲ ನೋಡುತ್ತದೆ. ನಿನ್ನೆ ಮೃಗ ಮಾಡಿ ತೋರಿಸಿದ್ದನ್ನು ಇವತ್ತು ಇವನು ಮಾಡಿದರೆ, ಮನೆಯ ಮಾತನ್ನು ತೋಪಿಗೆ ಕೊಟ್ಟವನು ಯಾರು ಅಂತ ತೊಟ್ಟಿಲ ಮಗುವಿಗೂ ತಿಳಿಯುತ್ತದೆ, ಪಾದ್ರಿಯವರಿಗೂ, ತೋಪು ಹೊಕ್ಕವನಿಗೆ ಇಲ್ಲಿ ಪ್ರಭುಭೋಜನದ ರೊಟ್ಟಿ ಇಲ್ಲ, ದ್ರಾಕ್ಷಾರಸ ಇಲ್ಲ, ಅದಕ್ಕೇ ಕೈ ಕಟ್ಟಿ ಕೂತಿದ್ದಾನೆ, ನನ್ನನ್ನು ಹೀಗೆ ನಡುನೀರಿನಲ್ಲಿ ನಿಲ್ಲಿಸಿ. ನಿನ್ನೆ ನನ್ನನ್ನು ಮಾರಿದ, ಇವತ್ತು ಬಿಟ್ಟ. ಮುಂದಿನ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇದೆ, ಹಾಳೆಯನ್ನು ನಾನೇ ತಿರುವಬಹುದು, ಅಂದಾಜಿನಲ್ಲಿ, ಅಂದಾಜಿನಲ್ಲಿ ತಿರುವುವುದಾದರೆ ಮೇಸೋನಿ ಏನು ತಪ್ಪು ಮಾಡಿದ್ದ. ಅಮ್ಮ, ಮುಂದಕ್ಕೆ, ಅಂದರು ಪಾದ್ರಿಯವರು. ಯಾರ ಹೆಸರನ್ನೂ ಹೇಳುವ ಹಾಗಿಲ್ಲ, ಹೇಳುವುದಿಲ್ಲ. ನನ್ನ ಎಡಗೈ ತಾನಾಗಿ ಎದ್ದಿತು, ಮೈಯಿಂದ ದೂರ, ನಿನ್ನೆ ಅದು ಚಾಚಿದ ಹಾಗೇ, ಊರೆಲ್ಲ ಕಾಣುವ ಹಾಗೆ, ನನಗೆ ಹಾಳೆ ಕಾಣುವುದಿಲ್ಲ ಅಂತ ನಾನೇ ಒಪ್ಪಿದ ಹಾಗೆ, ಸ್ಟೂಲಿನ ಕಡೆಗೆ, ಮೊಣಕೈ, ನಗು ಪೂರ್ತಿ ನಿಂತುಹೋಯಿತು, ತಗಡೂ ಸುಮ್ಮನಾಯಿತು, ಮಗಾ, ಹಾಳೆ ಮುಗಿದಿದೆ, ಎರಡು ಬೆರಳು, ಬರೀ ಎರಡು, ಮೊಣಕೈ ಕಾಯುತ್ತಿದೆ, ಗಾಳಿ ತಾಗುತ್ತಿದೆ ಅದಕ್ಕೆ, ಬರೀ ಗಾಳಿ, ಮೊಣಕೈ —