ಸೇತುವೆಯ ಯಾವ ಕಡೆ

ಊರ ಗೋಮಾಳದಲ್ಲಿ ಹಸು ಮೇಯಿಸುವ ಹಕ್ಕು ನಮ್ಮ ಮನೆತನಕ್ಕೆ ನಾನೂರು ವರ್ಷದಿಂದ ಇದೆ. ಆದರೆ ಗಂಡುಮಕ್ಕಳಿಗೆ ಮಾತ್ರ. ಈ ವಸಂತದಲ್ಲಿ ಕಾನೂನು ಬದಲಾಗಿ ಹೆಣ್ಣುಮಕ್ಕಳೂ ಕೇಳಬಹುದೆಂದಾಯಿತು. ಅರವತ್ತು ತುಂಬಿದ ನಾನು, ಎನಿಡ್ ಥ್ಯಾಕ್ರೆ, ಖುಷಿಯಲ್ಲಿ ಒಂದು ಕಡಸನ್ನೇ ಕೊಂಡುಬಿಟ್ಟೆ. ಬ್ರಾಂಬಲ್ ಎಂದು ಹೆಸರು. ಸದ್ಯಕ್ಕೆ ಹೊಳೆಯಾಚೆ ಗೆಳತಿಯ ಕೊಟ್ಟಿಗೆಯಲ್ಲಿದೆ. ಹಕ್ಕು ಸಿಗದಿದ್ದರೆ ಅದನ್ನು ಕಟ್ಟಲು ನನಗೆ ಅಂಗೈಯಗಲ ಜಾಗವಿಲ್ಲ.

ಹಕ್ಕು ಕೇಳಿದವರ ಹೆಸರನ್ನು ಪುರಭವನದಲ್ಲಿ ಮೂರು ಸಲ ಕೂಗುತ್ತಾರೆ. ಊರ ಎಲ್ಲೆಯೊಳಗೆ ಹುಟ್ಟಿಲ್ಲವೆಂದು ಯಾರಾದರೂ ತೋರಿಸಿದರೆ ಮುಗಿಯಿತು.

"ಪ್ರಿವಿಲೇಜ್, ಅಂದ್ರೆ ವಿಶೇಷ ಹಕ್ಕು, ತಮಾಷೆಯಲ್ಲ ಕಣೇ," ಎಂದ ಅಣ್ಣ ನಾರ್ಮನ್. "ಗತ್ತಿರಬೇಕು."

"ರೋಮಿನವರು ಒಬ್ಬನಿಗೋಸ್ಕರ ಮಾಡಿದ ಕಾನೂನಿಗೆ ಹಾಗಂತಿದ್ರಂತೆ. ಮೊದಲು ಒಬ್ಬನ್ನೇ ಹಿಡಿದು ಶಿಕ್ಷಿಸೋ ಕಾನೂನಿಗೂ ಅದೇ ಹೆಸರಂತೆ. ಸಂಜೆ ಕ್ಲಾಸಲ್ಲಿ ಮೇಷ್ಟ್ರು ಹೇಳಿದ್ರು."

"ನಿನ್ನ ಮೇಷ್ಟ್ರ ಹತ್ರ ಹಸು ಇದೆಯಾ?"

ಮೊದಲ ಕೂಗು. ಎರಡನೆಯದು. ಯಾರೂ ಆಕ್ಷೇಪವೆತ್ತಲಿಲ್ಲ. ಆಸ್ಪತ್ರೆಗೆ ಹೋಗುವಾಗ ಸೇತುವೆಯ ಮೇಲೆ, ಹಾಲಿನ ಗಾಡಿಯಲ್ಲಿ ನಾನು ಹುಟ್ಟಿದೆನೆಂದು ಅಮ್ಮ ಹೇಳುತ್ತಿದ್ದಳು. ಎಲ್ಲೆಕಲ್ಲು ಇರುವುದು ಸೇತುವೆಯ ನಟ್ಟನಡುವೆ!

ಮೂರನೆಯ ಕೂಗಿಗೆ ಎದ್ದು ನಿಂತೆ. "ಆಕ್ಷೇಪ ಇದೆ ಸಾರ್. ನನ್ನದೇ." ಎಲ್ಲವನ್ನೂ ಹೇಳಿದೆ.

ನಾರ್ಮನ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡ. "ಅಯ್ಯೋ ಪೆದ್ದೀ!"

ಹಿಂದಿನ ಬೆಂಚಿನಿಂದ ಮುದುಕ ವಿಲ್ಫ್ ಊರುಗೋಲು ಕುಟ್ಟಿದ. "ಆ ಗಾಡಿ ಹೊಡೀತಿದ್ದೋನು ನಾನೇ ಕಣಮ್ಮಾ! ನನ್ನ ಕುದುರೆ ಸೇತುವೆ ಮೇಲಿನ ನೀರಿನ ತೊಟ್ಟಿ ಹತ್ರ ನಿಂತುಬಿಡ್ತು. ನಿಮ್ಮಮ್ಮ ಕಿರುಚ್ತಾಳೆ, ನಾನು ಬೈತೀನಿ, ಅದು ಕದಲ್ಲಿಲ್ಲ. ನೀನು ಕುಂಯ್ ಅಂದ ಮೇಲೇ ತಲೆ ಎತ್ತಿದ್ದು."

"ತೊಟ್ಟಿ ಎಲ್ಲೆಯ ಯಾವ ಕಡೆ?" ಅಧ್ಯಕ್ಷರು ಕೇಳಿದರು.

"ಊರ ಕಡೆ! ಇವತ್ತಿಗೂ ಅಲ್ಲೇ ಇದೆ, ಹೋಗಿ ನೋಡಿ."

"ಬೇರೆ ಸಾಕ್ಷಿ?"

"ಕುದುರೇನ ಕರೀಲಾ? ಸತ್ತು ಐವತ್ತು ವರ್ಷ ಆಯ್ತು."

ಸಭೆಯೆಲ್ಲ ಗೊಳ್ಳೆಂದಿತು. ಅಧ್ಯಕ್ಷರು ನಗುತ್ತಲೇ ಹಕ್ಕುದಾರರ ಪುಸ್ತಕವನ್ನು ನನ್ನತ್ತ ತಳ್ಳಿದರು. ಆತುರಕ್ಕೆ ಸಹಿ ಸೊಟ್ಟಗಾಯಿತು. ಇದು ನಡೆಯುತ್ತದೆಯೇ ಎಂದು ಎರಡು ಸಲ ಕೇಳಿದೆ.

ನಡೆಯುತ್ತದಂತೆ! ಹೊಳೆಯಾಚೆ ಓಡಿಹೋಗಿ ಬ್ರಾಂಬಲ್‌ನ ಹಗ್ಗ ಹಿಡಿದು ಸೇತುವೆ ಹತ್ತಿಸಿದೆ. ಎಲ್ಲೆಕಲ್ಲು ದಾಟಿ ನಾಲ್ಕು ಹೆಜ್ಜೆಯಷ್ಟೆ, ಅದು ತೊಟ್ಟಿಗೆ ಮೂತಿ ಇಟ್ಟು ನಿಂತುಬಿಟ್ಟಿತು. ಗೋಮಾಳದ ಗೇಟು ತೆರೆದುಕೊಂಡು ಕಾಯುತ್ತಿದ್ದ ನಾರ್ಮನ್ ಅಲ್ಲಿಂದಲೇ ಕೂಗಿದ, "ಎಳಿಯೇ!"

"ಕುಡೀಲಿ ಬಿಡೋ ಅಣ್ಣಾ," ಎಂದೆ.